ವೀಣೆ ಬಿಡದೆ ಹಾರ್ಪ್ ಕಲಿಯಬಹುದೇ? ಬದಿಯಡ್ಕದ ತಾಯಿಯೊಬ್ಬರಿಗೆ ಉತ್ತರ

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರದ ಊರು. ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ. ಆರು ವರ್ಷದಿಂದ ವೀಣೆ ಕಲಿಯುತ್ತಿದ್ದಾಳೆ, ಜೂನಿಯರ್ ಪರೀಕ್ಷೆ ಮುಗಿದಿದೆ. ಯೂಟ್ಯೂಬಿನಲ್ಲಿ ಹಾರ್ಪ್ ಎಂಬ, ಎರಡೂ ಕೈಯಿಂದ ತಂತಿ ಮೀಟುವ ಪಾಶ್ಚಾತ್ಯ ವಾದ್ಯ ನೋಡಿದಲ್ಲಿಂದ ಈಗ ಅದೇ ಧ್ಯಾನ. ಮುಂದೆ ಹಾರ್ಪ್ ನುಡಿಸುವುದನ್ನೇ ಉದ್ಯೋಗ ಮಾಡಿಕೊಳ್ಳುತ್ತೇನೆ ಅನ್ನುತ್ತಾಳೆ. ಊರಿನ ವಾದ್ಯಗಳ ಮೇಲೂ ಅಷ್ಟೇ ಆಸೆ. ಯಕ್ಷಗಾನದ ಆಟಕ್ಕೆ ಹೋದರೆ ಹಿಮ್ಮೇಳದ ಪಕ್ಕದಲ್ಲೇ ಕೂರುತ್ತಾಳೆ. ದುಡಿ, ಡೋಲು ಎಲ್ಲಿ ಕೇಳಿದರೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತಾಳೆ. ಹತ್ತು ವಾದ್ಯ ಮುಟ್ಟಿದರೆ ಕೈ ಕೆಡುತ್ತದೆ ಎಂದು ವೀಣೆ ಟೀಚರ್ ಹೇಳುತ್ತಾರೆ. ಹೊಟ್ಟೆಪಾಡಿಗೆ ಏನು ಎಂದು ಮನೆಯವರು ಕೇಳುತ್ತಾರೆ. ಇದರಿಂದ ಬದುಕು ಸಾಗುತ್ತದಾ? ವೀಣೆ ಬಿಡಿಸಬೇಕಾ? ಯಾವ ಹಾರ್ಪ್ ತೆಗೆದುಕೊಳ್ಳುವುದು?

ಉತ್ತರ: ವೀಣೆ ಬಿಡಿಸಬೇಡಿ ಅಕ್ಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬರೆಯುವ ಎಲ್ಲದಕ್ಕೂ ಇದೇ ಬುಡ. ವೀಣೆ ಬಿಟ್ಟು ಬರೀ ಹಾರ್ಪ್ ಹಿಡಿದರೆ, ಐದಾರು ವರ್ಷದವರಿರುವಾಗಲೇ ಹಾರ್ಪಿನ ಮುಂದೆ ಕೂತ ಯುರೋಪಿನ ಮಕ್ಕಳ ಸಾಲಿನ ಕೊನೆಗೆ ನಿಮ್ಮ ಮಗಳು ಹೋಗಿ ನಿಲ್ಲಬೇಕಾಗುತ್ತದೆ. ವೀಣೆಯ ಕೈ, ಊರಿನ ವಾದ್ಯ ಕೇಳಿದ ಕಿವಿ, ಇವೆರಡನ್ನೂ ಇಟ್ಟುಕೊಂಡು ಹೋದರೆ ಅವಳಿಗೆ ಬೇರೆಯೇ ದಾರಿ ಇದೆ. ಆ ದಾರಿಯಲ್ಲಿ ಜನ ಕಡಿಮೆ.

ಮೊದಲು ಹೊಟ್ಟೆಪಾಡಿನ ಮಾತು. ಮನೆಯವರು ಕೇಳುವುದರಲ್ಲಿ ತಪ್ಪಿಲ್ಲ.

ಒಂದು ದೊಡ್ಡ ಸಿಂಫನಿ ಆರ್ಕೆಸ್ಟ್ರಾದಲ್ಲಿ ಪಿಟೀಲಿನವರೇ ಇಪ್ಪತ್ತೈದು ಮೂವತ್ತು ಮಂದಿ ಇರುತ್ತಾರೆ. ಹಾರ್ಪ್ ಇರುವುದು ಒಂದು, ಜಾಸ್ತಿ ಎಂದರೆ ಎರಡು. ಆ ಒಂದು ಕುರ್ಚಿಯಲ್ಲಿ ಕೂತವರು ಇಪ್ಪತ್ತು ಮೂವತ್ತು ವರ್ಷ ಏಳುವುದಿಲ್ಲ. ಹಾಗಾಗಿ ಖಾಯಂ ಕೆಲಸ ಎಂದು ಲೆಕ್ಕ ಹಾಕಿದರೆ ಬಾಗಿಲು ತುಂಬ ಸಣ್ಣದು. ನಮ್ಮ ದೇಶದಲ್ಲಿ ಈ ಮಟ್ಟದ ಆರ್ಕೆಸ್ಟ್ರಾ ಎಂದು ಮೊದಲು ನೆನಪಾಗುವುದು ಮುಂಬೈಯ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. 2006ರಲ್ಲಿ ಅಲ್ಲಿಯ ಎನ್‌ಸಿಪಿಎ ಎಂಬ ಕಲಾಕೇಂದ್ರದಲ್ಲಿ ಶುರುವಾದದ್ದು. ಅಲ್ಲಿಯೂ ಹೊರದೇಶದಿಂದ ಬಂದು ನುಡಿಸುವವರು ಬಹಳ.

ಹಾಗಾದರೆ ಹಾರ್ಪಿನವರು ಊಟಕ್ಕೆ ಏನು ಮಾಡುತ್ತಾರೆ? ನಾಲ್ಕೈದು ಕಡೆಯಿಂದ ಸ್ವಲ್ಪ ಸ್ವಲ್ಪ ಬರುತ್ತದೆ. ಪಾಠ ಹೇಳುವುದು ಮುಖ್ಯ ಆದಾಯ. ಮದುವೆ, ದೊಡ್ಡ ಹೋಟೆಲು, ಚರ್ಚಿನ ಕಾರ್ಯಕ್ರಮ ಇನ್ನೊಂದು. ಕೆಲವು ದೇಶಗಳಲ್ಲಿ ಆಸ್ಪತ್ರೆಗಳಲ್ಲಿ ರೋಗಿಗಳ ಹಾಸಿಗೆಯ ಪಕ್ಕ ನುಡಿಸುವ ಕೆಲಸವೂ ಇದೆ, ಅದಕ್ಕೆ ಬೇರೆಯೇ ತರಬೇತಿ ಬೇಕು. ಸ್ಟುಡಿಯೊ ರೆಕಾರ್ಡಿಂಗ್ ಮೊದಲು ಒಳ್ಳೆಯ ದಾರಿಯಾಗಿತ್ತು. ಈಗ ಸಿನಿಮಾ ಹಾಡಿನಲ್ಲಿ ಕನಸಿನ ದೃಶ್ಯ ಬಂದಾಗ ಕೇಳುವ ಆ ಝಲ್ಲೆನ್ನುವ ಹಾರ್ಪ್ ಹೆಚ್ಚಿನ ಸಲ ಹಾರ್ಪೇ ಅಲ್ಲ. ಕೀಬೋರ್ಡಿನಲ್ಲಿ ಒತ್ತಿದ ಸ್ಯಾಂಪಲ್. ಯಾರೋ ಒಬ್ಬರು ಒಮ್ಮೆ ನುಡಿಸಿ ರೆಕಾರ್ಡ್ ಮಾಡಿಟ್ಟ ನಾದವನ್ನು ಸಾವಿರ ಸಂಗೀತ ನಿರ್ದೇಶಕರು ಬಳಸುತ್ತಾರೆ.

ಈ ಸ್ಯಾಂಪಲಿನ ವಿಷಯ ನಿಮ್ಮ ಮಗಳಿಗೂ ಗೊತ್ತಿರಬೇಕು. ಎಲ್ಲರೂ ನುಡಿಸುವ ಹಾಗೆಯೇ ನುಡಿಸುವ ಹಾರ್ಪಿಗೆ ಬೇಡಿಕೆ ಇಳಿಯುತ್ತಾ ಹೋಗುತ್ತದೆ. ಒಬ್ಬಳೇ ನುಡಿಸಬಲ್ಲಂಥದ್ದು ಏನಾದರೂ ಇದ್ದರೆ ಅದನ್ನು ಯಾವ ಕೀಬೋರ್ಡೂ ಕೊಡಲಾರದು. ಹಾರ್ಪಿನ ಲೋಕದಲ್ಲಿ ಈಗ ಹೆಸರು ಮಾಡಿರುವ ಹಲವರು ಇದೇ ಕಾರಣಕ್ಕೆ ಸಾಂಪ್ರದಾಯಿಕ ವಾದ್ಯಗಳ ಕಡೆ ಹೊರಳಿದ್ದಾರೆ ಎಂದು ನನ್ನ ಎಣಿಕೆ.

ವೇಲ್ಸಿನ ಕ್ಯಾಟ್ರಿನ್ ಫಿಂಚ್ ಅವರನ್ನೇ ನೋಡಿ. 1980ರಲ್ಲಿ ಹುಟ್ಟಿದವರು. ಅಪ್ಪಟ ಕ್ಲಾಸಿಕಲ್ ತರಬೇತಿ. 2000ದಿಂದ 2004ರವರೆಗೆ ಬ್ರಿಟನ್ನಿನ ಯುವರಾಜರ ಅಧಿಕೃತ ಹಾರ್ಪ್ ವಾದಕಿಯಾಗಿದ್ದವರು. ಆ ಹುದ್ದೆ ವಿಕ್ಟೋರಿಯಾ ರಾಣಿಯ ಕಾಲದ ನಂತರ ನಿಂತೇ ಹೋಗಿತ್ತು, ಅವರಿಂದ ಮತ್ತೆ ಶುರುವಾಯಿತು. ಅಷ್ಟು ಎತ್ತರಕ್ಕೆ ಹೋದವರು ಆಮೇಲೆ ಸೆನೆಗಾಲಿನ ಸೆಕು ಕೇಟಾ ಅವರ ಜತೆ ಕೂತು ನುಡಿಸಿದರು. ಅವರದು ಕೋರಾ ಎಂಬ ವಾದ್ಯ. ದೊಡ್ಡ ಸೋರೆಬುರುಡೆಯ ಅರ್ಧಕ್ಕೆ ದನದ ಚರ್ಮ ಬಿಗಿದು, ಉದ್ದ ಕೋಲಿಗೆ 21 ತಂತಿ ಕಟ್ಟಿರುತ್ತಾರೆ. ಎರಡೂ ಕೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೀಟುತ್ತಾರೆ. ಪಶ್ಚಿಮ ಆಫ್ರಿಕಾದಲ್ಲಿ ಇದು ಕೆಲವು ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಬಂದ ವಿದ್ಯೆ. 2013ರಲ್ಲಿ ಬಂದ ಇವರಿಬ್ಬರ ಮೊದಲ ಆಲ್ಬಂ ಕೇಳಿದರೆ ಎಲ್ಲಿ ಹಾರ್ಪ್ ನಿಂತಿತು, ಎಲ್ಲಿ ಕೋರಾ ಶುರುವಾಯಿತು ಎಂದು ಕೆಲವು ಕಡೆ ಗೊತ್ತೇ ಆಗುವುದಿಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಫಿಂಚ್ ಕೋರಾ ಕಲಿತು ವೇದಿಕೆಗೆ ತಂದದ್ದಲ್ಲ. ಕೋರಾ ಗೊತ್ತಿದ್ದವರ ಪಕ್ಕದಲ್ಲಿ ತಮ್ಮ ಹಾರ್ಪ್ ಇಟ್ಟುಕೊಂಡು ಕೂತರು. ಇದು ಒಂದು ಬಗೆ.

ಇನ್ನೊಂದು ಬಗೆ ಅಮೆರಿಕದ ಡೊರೊಥಿ ಆಶ್ಬಿ ಅವರದು. ಜಾಝ್ ಸಂಗೀತದಲ್ಲಿ ಹಾರ್ಪಿಗೆ ಜಾಗ ಮಾಡಿಕೊಟ್ಟವರಲ್ಲಿ ಮೊದಲಿಗರು. 1970ರ ತಮ್ಮ ಒಂದು ಆಲ್ಬಮಿನಲ್ಲಿ ಹಾರ್ಪಿನ ಜತೆಗೆ ಜಪಾನಿನ ಕೋಟೊ ವಾದ್ಯವನ್ನೂ ತಾವೇ ನುಡಿಸಿದ್ದಾರೆ. ಮೂರನೆಯದು ನ್ಯಾನ್ಸಿ ರಿಚರ್ಡ್ಸ್ ಅವರ ಬಗೆ. ಇವರೂ ವೇಲ್ಸಿನವರು, 1888ರಿಂದ 1979ರವರೆಗೆ ಬದುಕಿದ್ದವರು. ಎಲ್ಲರೂ ಕಾಲಿನಿಂದ ಸ್ವರ ಬದಲಿಸುವ ಪೆಡಲ್ ಹಾರ್ಪ್ ಹಿಡಿದ ಕಾಲದಲ್ಲಿ ಅವರು ಹಳೆಯ ಮೂರು ಸಾಲು ತಂತಿಯ ಹಾರ್ಪನ್ನು ಬಿಡಲಿಲ್ಲ. ಅದನ್ನು ಎಡ ಹೆಗಲಿಗೆ ಒರಗಿಸಿ ನುಡಿಸುತ್ತಾರೆ. ಆ ವಿದ್ಯೆಯನ್ನು ಅಲೆಮಾರಿ ರೋಮಾನಿ ಮನೆತನದ ವಾದಕರು ಉಳಿಸಿಕೊಂಡು ಬಂದಿದ್ದರು. ಆ ವಾದಕರಿಂದ ನ್ಯಾನ್ಸಿ ಕಲಿತು ಮುಂದಿನವರಿಗೆ ಕೊಟ್ಟರು. ಮೂವರಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಇವರ ಮೇಲೆ.

ದೂರದವರ ಮಾತು ಬೇಡ ಅನ್ನಿಸಿದರೆ ನಮ್ಮ ಬಂಟ್ವಾಳದ ಕದ್ರಿ ಗೋಪಾಲನಾಥರು ಇದ್ದರಲ್ವಾ. 1949ರಲ್ಲಿ ಸಜಿಪದಲ್ಲಿ ಹುಟ್ಟಿದರು. ತಂದೆ ನಾಗಸ್ವರದವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ಆಗುವುದಿಲ್ಲ ಎಂದವರು ಕಡಿಮೆಯೇನಲ್ಲ. ಅವರು ವಾದ್ಯವನ್ನೇ ಅಲ್ಲಿಲ್ಲಿ ಬದಲಾಯಿಸಿಕೊಂಡು, ಸ್ವರವನ್ನು ಅಲುಗಿಸಿ ಜಾರಿಸುವ ಗಮಕ ಹೊರಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್ ಕಛೇರಿ ಮಾಡಿದರು. ಅವರ ಸ್ಯಾಕ್ಸೋಫೋನಿನಲ್ಲಿ ನಾಗಸ್ವರದ ಉಸಿರು ಕೇಳುತ್ತದೆ. ಅದನ್ನು ಮನೆಯಲ್ಲಿ ಕೇಳಿ ಬೆಳೆದದ್ದರಿಂದಲೇ ಸ್ಯಾಕ್ಸೋಫೋನ್ ಅವರಿಗೆ ಒಲಿಯಿತು ಎಂದು ನಾನು ನಂಬಿದ್ದೇನೆ. ನಿಮ್ಮ ಮಗಳಿಗೆ ಆ ಜಾಗದಲ್ಲಿ ವೀಣೆ ಇದೆ.

ಈಗ ಟೀಚರ್ ಹೇಳಿದ ಮಾತಿಗೆ ಬರೋಣ. ಕೈ ಕೆಡುತ್ತದೆ ಎಂಬುದು ಸುಮ್ನೆ ಹೆದರಿಸುವ ಮಾತಲ್ಲ. ಅರ್ಧ ನಿಜ.

ಉಗುರಿನಿಂದಲೇ ಶುರು ಮಾಡಿ. ವೀಣೆಗೆ ಹಲವರು ಬಲಗೈ ಉಗುರು ಬೆಳೆಸುತ್ತಾರೆ. ಹಾರ್ಪಿಗೆ ಉಗುರು ಇರಲೇಬಾರದು, ಬೆರಳ ತುದಿಯ ಮಾಂಸದಿಂದಲೇ ಮೀಟಬೇಕು. ಉಗುರು ತಾಗಿದರೆ ಕಿರಿಕಿರಿ ಸದ್ದು ಬರುತ್ತದೆ. ಹಾಗಾಗಿ ವೀಣೆಗೆ ಇನ್ನು ಮುಂದೆ ಬೆರಳಿಗೆ ಹಾಕಿಕೊಳ್ಳುವ ತಂತಿಯ ಮಿಜರಾಬ್ ಅಭ್ಯಾಸ ಮಾಡಿಸಿ. ಹೀಗೆ ನುಡಿಸುವ ವೈಣಿಕರು ಬೇಕಾದಷ್ಟು ಮಂದಿ ಇದ್ದಾರೆ.

ಎರಡನೆಯದು ಬೆರಳ ಚಲನೆ. ವೀಣೆಯಲ್ಲಿ ಬಲಗೈ ತೋರುಬೆರಳು, ನಡುಬೆರಳು ತಂತಿಯನ್ನು ಮೀಟುತ್ತವೆ, ಕಿರುಬೆರಳು ತಾಳದ ತಂತಿಗೆ. ಹಾರ್ಪಿನಲ್ಲಿ ಕಿರುಬೆರಳಿಗೆ ಕೆಲಸವೇ ಇಲ್ಲ. ಹೆಬ್ಬೆರಳು ಮೇಲ್ಮುಖವಾಗಿ ನಿಂತಿರಬೇಕು, ಉಳಿದ ಮೂರು ಬೆರಳು ಮೀಟಿದ ಮೇಲೆ ಅಂಗೈಯೊಳಗೆ ಮುಚ್ಚಿಕೊಳ್ಳಬೇಕು. ವೀಣೆಯ ಮಕ್ಕಳು ಹಾರ್ಪಿಗೆ ಬಂದಾಗ ಹೆಬ್ಬೆರಳು ಜೋತುಬೀಳುತ್ತದೆ, ಕಿರುಬೆರಳು ಗಟ್ಟಿಯಾಗಿ ಹೊರಗೆ ಚಾಚಿಕೊಳ್ಳುತ್ತದೆ. ಇದನ್ನು ಮೊದಲ ತಿಂಗಳಲ್ಲೇ ತಿದ್ದದಿದ್ದರೆ ಮಣಿಕಟ್ಟಿನ ನೋವಿನಲ್ಲಿ ಮುಗಿಯುತ್ತದೆ. ಇನ್ನೊಂದು, ಹಾರ್ಪಿನ ತಂತಿ ಮೀಟಿದ ಮೇಲೆ ನಾದ ನಿಲ್ಲದೆ ಹರಿಯುತ್ತಾ ಇರುತ್ತದೆ. ಬೇಡವಾದ ಹೊತ್ತಿಗೆ ಅಂಗೈಯಿಂದ ಮುಚ್ಚಿ ನಿಲ್ಲಿಸಬೇಕು. ನಿಲ್ಲಿಸಲು ಕಲಿಯುವುದೇ ಅರ್ಧ ವಿದ್ಯೆ.

ಆದರೆ ಕೈ ಕೆಡುವುದು ಎರಡು ವಾದ್ಯದಿಂದಲ್ಲ, ಎರಡರ ಪಾಠ ಒಂದೇ ಹೊತ್ತಿಗೆ ಕಲಸಿಹೋದರೆ. ಬೆಳಗ್ಗೆ ವೀಣೆ, ಸಂಜೆ ಹಾರ್ಪ್ ಎಂದು ಹೊತ್ತು ಬೇರೆ ಮಾಡಿ. ಮೊದಲ ಎರಡು ವರ್ಷ ಮೂರನೇ ವಾದ್ಯ ಕೈಯಲ್ಲಿ ಹಿಡಿಯುವುದು ಬೇಡ. ಊರಿನ ವಾದ್ಯಗಳನ್ನು ಆ ಎರಡು ವರ್ಷ ಕಿವಿಯಿಂದ ಮತ್ತು ಬಾಯಿಯಿಂದ ಕಲಿಯಲಿ. ಹೇಗೆ ಎಂದು ಆಮೇಲೆ ಹೇಳುತ್ತೇನೆ.

ಈಗ ನನಗೆ ತುಂಬ ಇಷ್ಟವಾದ ಭಾಗ. ದೊಡ್ಡ ಕಾನ್ಸರ್ಟ್ ಹಾರ್ಪಿಗೆ 47 ತಂತಿ, ಕೆಳಗೆ ಏಳು ಪೆಡಲ್. ಪಾಶ್ಚಾತ್ಯರು ಏಳು ಸ್ವರಗಳನ್ನು ಸಿ, ಡಿ, ಇ, ಎಫ್, ಜಿ, ಎ, ಬಿ ಎಂದು ಕರೆಯುತ್ತಾರೆ. ಸಿ ತಂತಿ ಕೆಂಪು, ಎಫ್ ತಂತಿ ಕಪ್ಪು, ಕಣ್ಣಿಗೆ ಗುರುತು ಸಿಗಲಿ ಎಂದು. ಎಡಗಾಲಿಗೆ ಡಿ, ಸಿ, ಬಿ. ಬಲಗಾಲಿಗೆ ಇ, ಎಫ್, ಜಿ, ಎ. ಒಂದೊಂದು ಪೆಡಲಿಗೆ ಮೂರು ಮೆಟ್ಟು. ಮೇಲಿದ್ದರೆ ಫ್ಲಾಟ್ (ಅರ್ಧ ಸ್ವರ ಇಳಿದದ್ದು), ನಡುವೆ ಇದ್ದರೆ ನ್ಯಾಚುರಲ್ (ಇದ್ದ ಹಾಗೇ), ಕೆಳಗೆ ಒತ್ತಿದರೆ ಶಾರ್ಪ್ (ಅರ್ಧ ಸ್ವರ ಏರಿದ್ದು). ಡಿ ಪೆಡಲ್ ಒತ್ತಿದರೆ ಎಲ್ಲ ಸ್ಥಾಯಿಯ ಡಿ ತಂತಿಗಳೂ ಒಟ್ಟಿಗೆ ಬದಲಾಗುತ್ತವೆ. ಈ ಮೂರು ಮೆಟ್ಟಿನ ಏರ್ಪಾಡು 1810ರಲ್ಲಿ ಸೆಬಾಸ್ಟಿಯನ್ ಎರಾರ್ ಪೇಟೆಂಟ್ ಮಾಡಿಸಿದ್ದು. ಈಗಲೂ ಅದೇ ನಡೆಯುತ್ತಿದೆ.

ಏಳು ಸ್ವರ, ಏಳು ಪೆಡಲ್. ಏಳೂ ಸ್ವರ ಇರುವ ನಮ್ಮ ಮೇಳಕರ್ತ ರಾಗಗಳನ್ನು ಕಲಿತವರಿಗೆ ಇದು ಕಂಡ ಕೂಡಲೇ ಖುಷಿಯಾಗುತ್ತದೆ. ಷಡ್ಜವನ್ನು ಸಿಗೆ ಇಟ್ಟುಕೊಳ್ಳಿ. ಎಲ್ಲ ಪೆಡಲ್ ನಡುವೆ ಇದ್ದರೆ ಶಂಕರಾಭರಣ. ಎಫ್ ಒಂದನ್ನು ಕೆಳಗೆ ಒತ್ತಿದರೆ ಕಲ್ಯಾಣಿ. ನಿಮ್ಮ ಮಗಳು ಸರಳೆ ವರಸೆ ಕಲಿತ ಮಾಯಾಮಾಳವಗೌಳಕ್ಕೆ ಡಿ ಮತ್ತು ಎ ಪೆಡಲ್ ಮೇಲಕ್ಕೆ ಹೋಗಬೇಕು. ಅವು ಎರಡು ತುದಿಯ ಪೆಡಲುಗಳು, ಎಡಗಾಲಿಗೆ ಒಂದು, ಬಲಗಾಲಿಗೆ ಒಂದು. ಮೋಹನಕ್ಕೆ ಇನ್ನೂ ಚಂದದ ಉಪಾಯ ಇದೆ. ಎಫ್ ಪೆಡಲ್ ಮೇಲೆ, ಬಿ ಪೆಡಲ್ ಕೆಳಗೆ. ಆಗ ಎಫ್ ತಂತಿ ಗಾಂಧಾರವನ್ನೇ ನುಡಿಯುತ್ತದೆ, ಬಿ ತಂತಿ ಷಡ್ಜವನ್ನೇ ನುಡಿಯುತ್ತದೆ. ಈಗ ಕಣ್ಣು ಮುಚ್ಚಿ ಎಲ್ಲ ತಂತಿಯ ಮೇಲೆ ಕೈ ಎಳೆದರೂ ಮೋಹನ ಬಿಟ್ಟು ಬೇರೆ ಸ್ವರ ಬರುವುದೇ ಇಲ್ಲ.

ಇಷ್ಟು ಸುಲಭವಾ ಎಂದು ಕೇಳಬೇಡಿ. ಡಿ, ಇ, ಎ, ಬಿ ನಾಲ್ಕನ್ನೂ ಮೇಲಕ್ಕೆ ತಂದರೆ ತೋಡಿಯ ಸ್ವರಗಳು ಸಿಗುತ್ತವೆ, ತೋಡಿ ಸಿಗುವುದಿಲ್ಲ. ತೋಡಿಯ ಗಾಂಧಾರ ಅಲ್ಲಾಡಬೇಕು. ವೀಣೆಯಲ್ಲಿ ಎಡಗೈ ತಂತಿಯನ್ನು ಎಳೆದು ಆ ಕಂಪನ ಕೊಡುತ್ತದೆ. ಹಾರ್ಪಿನಲ್ಲಿ ಒಂದು ಸ್ವರಕ್ಕೆ ಒಂದು ತಂತಿ, ಎಳೆಯುವ ಮೆಟ್ಟಿಲೇ ಇಲ್ಲ. ನಾದ ಇರುವಾಗಲೇ ಪೆಡಲ್ ಜಾರಿಸಿದರೆ ಅರ್ಧ ಸ್ವರದಷ್ಟು ಜಾರು ಬರುತ್ತದೆ, ಜತೆಗೆ ಸ್ವಲ್ಪ ಗರಗರ ಸದ್ದೂ ಬರುತ್ತದೆ. ಬರ್ಮಾದ ಸೌಂಗ್ ಎಂಬ ಬಿಲ್ಲಿನಾಕಾರದ ಹಾರ್ಪಿನಲ್ಲಿ ಎಡಗೈ ಹೆಬ್ಬೆರಳಿನಿಂದ ತಂತಿ ಒತ್ತಿ ಸ್ವರ ಏರಿಸುತ್ತಾರೆ. ಆ ತಂತ್ರವನ್ನು ನಿಮ್ಮ ಮಗಳು ಮುಂದೊಮ್ಮೆ ನೋಡಲೇಬೇಕು.

ತಂತಿಗಳನ್ನು ಕೋಲಿನಿಂದ ಬಡಿದು ನುಡಿಸುವ ಸಂತೂರಿಗೂ ಇದೇ ತೊಂದರೆ ಇತ್ತು. ಕಾಶ್ಮೀರದ ಸೂಫಿಯಾನಾ ಸಂಗೀತದ ವಾದ್ಯವನ್ನು ಶಿವಕುಮಾರ ಶರ್ಮರು 1950ರ ದಶಕದಲ್ಲಿ ಶಾಸ್ತ್ರೀಯ ವೇದಿಕೆಗೆ ತಂದಾಗ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದ ವಾದ್ಯದಲ್ಲಿ ರಾಗ ಹೇಗೆ ಎಂದು ಕೇಳಿದವರಿದ್ದರು. ಅವರು ತಂತಿಗಳ ಜೋಡಣೆ ಬದಲಿಸಿದರು, ಕೋಲನ್ನು ತಂತಿಯ ಮೇಲೆ ಜಾರಿಸಿ ನಾದ ಉದ್ದ ಮಾಡಿದರು, ತಮ್ಮ ವಾದ್ಯಕ್ಕೆ ಒಪ್ಪುವ ರಾಗಗಳನ್ನು ಆರಿಸಿಕೊಂಡರು. ಹಾರ್ಪಿನಲ್ಲಿಯೂ ಹಾಗೇ ಆಯ್ಕೆ ಮಾಡಬೇಕಾಗುತ್ತದೆ. ತೋಡಿ ವೀಣೆಯಲ್ಲೇ ಇರಲಿ.

ಮೊದಲ ಪಾಠಕ್ಕೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ ಸಾಹಿತ್ಯಗಳು ಹೇಳಿ ಮಾಡಿಸಿದ ಹಾಗಿವೆ. ಬ್ರಿಟಿಷರ ಬ್ಯಾಂಡಿನ ಮಟ್ಟುಗಳಿಗೆ ಅವರು ಸಂಸ್ಕೃತ ಸಾಹಿತ್ಯ ಕೂರಿಸಿದ್ದು. ಶಂಕರಾಭರಣದ ಸ್ವರಗಳು, ಗಮಕ ಇಲ್ಲ. ವೀಣೆ ತರಗತಿಯಲ್ಲಿ ಕಲಿತದ್ದನ್ನೇ ಹಾರ್ಪಿನಲ್ಲಿ ನುಡಿಸಿದಾಗ ಎರಡೂ ಕಡೆಯ ಟೀಚರಿಗೂ ಸಮಾಧಾನ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರೇ ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು. ಹೊರಗಿನ ವಾದ್ಯಕ್ಕೆ ಜಾಗ ಮಾಡಿಕೊಡುವುದು ನಮ್ಮ ಸಂಗೀತಕ್ಕೆ ಹೊಸದಲ್ಲ.

ಹಾಗೆ ನೋಡಿದರೆ ಹಾರ್ಪ್ ನಮಗೆ ಹೊರಗಿನದು ಎನ್ನುವುದೂ ಪೂರ್ತಿ ಸರಿಯಲ್ಲ. ನಾಲ್ಕನೇ ಶತಮಾನದ ಸಮುದ್ರಗುಪ್ತನ ನಾಣ್ಯದಲ್ಲಿ ಅವನು ತೊಡೆಯ ಮೇಲೆ ಇಟ್ಟು ನುಡಿಸುತ್ತಿರುವುದು ಬಿಲ್ಲಿನಾಕಾರದ ಹಾರ್ಪು. ಭಾರ್ಹುತ್, ಸಾಂಚಿ, ಅಮರಾವತಿಯ ಶಿಲ್ಪಗಳಲ್ಲಿಯೂ ಇದೇ ಇದೆ. ತಮಿಳಿನ ಸಂಗಂ ಕಾವ್ಯಗಳ ಯಾಳ್ ಕೂಡ ಇದೇ ಕುಲದ್ದು. ಆಮೇಲೆ ಮೆಟ್ಟಿಲಿರುವ ವೀಣೆ ಬಂದು ಅದರ ಜಾಗ ಹಿಡಿಯಿತು. ಮಧ್ಯಪ್ರದೇಶದಲ್ಲಿ ಗೊಂಡರ ಹಾಡುಗಾರರಾದ ಪರಧಾನರ ಬಿನ್ ಬಾಜಾ ಮಾತ್ರ ಆ ಕುಲದ ಕುಡಿಯಾಗಿ ನಮ್ಮ ಕಾಲದವರೆಗೂ ಬಂತು. ಚೆನ್ನೈಯಲ್ಲಿ ಈಗ ಯಾಳ್ ಅನ್ನು ಮತ್ತೆ ಮರದಲ್ಲಿ ಕಟ್ಟಿ ನುಡಿಸುವವರು ಇದ್ದಾರೆ. ನಿಮ್ಮ ಮಗಳು ಮುಂದೆ ಒಂದು ಸಾಂಪ್ರದಾಯಿಕ ವಾದ್ಯ ಕೈಯಲ್ಲಿ ಹಿಡಿಯುವುದಾದರೆ ನಾನು ಮೊದಲು ಹೇಳುವುದು ಯಾಳ್.

ಇನ್ನು ಊರಿನ ವಾದ್ಯಗಳು. ಬದಿಯಡ್ಕದಲ್ಲಿ ಕೂತವರಿಗೆ ಸಿಗುವ ಸಂಪತ್ತು ಲಂಡನ್ನಿನ ವಿದ್ಯಾರ್ಥಿಗೆ ಸಿಗುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಹತ್ತಿರದಲ್ಲೇ ಇದೆ. ತೆಂಕುತಿಟ್ಟು ಯಕ್ಷಗಾನದ ಚೆಂಡೆ ಮದ್ದಳೆ, ತೆಯ್ಯಂ ಕಟ್ಟುವಲ್ಲಿಯ ಚೆಂಡೆ, ಮೊಗೇರರ ದುಡಿ, ಕೊರಗರ ಡೋಲು ಮತ್ತು ಕೊಳಲು, ತುಳು ಕಥನಗೀತೆಗಳಾದ ಪಾಡ್ದನ ಹೇಳುವಾಗಿನ ತೆಂಬರೆ, ದೇವಸ್ಥಾನದ ನಾಗಸ್ವರ. ಎಲ್ಲವೂ ಸ್ಕೂಟರಿನಲ್ಲಿ ಹೋಗಿ ಬರುವಷ್ಟು ದೂರ.

ಪತ್ತನಾಜೆ, ಅಂದರೆ ವರ್ಷದ ಆಟಗಳು ಮುಗಿಯುವ ದಿನ, ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಹಿಮ್ಮೇಳದವರಿಗೆ ಸ್ವಲ್ಪ ಬಿಡುವು ಇರುತ್ತದೆ. ಮಳೆಗಾಲದಲ್ಲಿ ಒಬ್ಬ ಮದ್ದಳೆಗಾರರ ಹತ್ತಿರ ತಾಳ ಹಾಕುವುದನ್ನು ಮಾತ್ರ ಕಲಿಯಲು ಕಳುಹಿಸಿ. ಏಕ, ಝಂಪೆ, ತ್ರಿವುಡೆ, ರೂಪಕ, ಅಷ್ಟ. ವಾದ್ಯ ಬೇಡ, ಕೈಯಲ್ಲಿ ತಾಳ, ಬಾಯಲ್ಲಿ ಮದ್ದಳೆಯ ಪಾಠಾಕ್ಷರ. ಹಾರ್ಪಿನಲ್ಲಿ ಎಡಗೈ ತಳದ ಸ್ವರಗಳನ್ನು ನೋಡಿಕೊಳ್ಳುತ್ತದೆ. ಆ ಎಡಗೈಗೆ ಝಂಪೆಯ ನಡೆ ಬಂದರೆ ಅದು ಯಾವ ಯುರೋಪಿನ ಪಠ್ಯದಲ್ಲೂ ಸಿಗದ ಎಡಗೈ. ಒಂದು ಎಚ್ಚರ ಮಾತ್ರ. ಚೆಂಡೆ ಬಯಲಿಗೆ ಹುಟ್ಟಿದ ವಾದ್ಯ. ಮೈಕ್ ಇಲ್ಲದೆ ಅದರ ಪಕ್ಕದಲ್ಲಿ ಹಾರ್ಪ್ ಇಟ್ಟರೆ ಹಾರ್ಪ್ ಕೇಳಿಸುವುದೇ ಇಲ್ಲ, ಮೈಕ್ ಜೋರು ಮಾಡಿದರೆ ಎರಡೂ ಕೆಡುತ್ತವೆ. ಭಾಗವತರ ಹಾಡು, ಮದ್ದಳೆ, ಹಾರ್ಪ್ ಈ ಮೂರು ಹೊಂದುತ್ತವೆ. ಚೆಂಡೆಯನ್ನು ಅದರ ಪಾಡಿಗೆ ಬಿಡಿ.

ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದರ ಬಗ್ಗೆ ಒಂದು ಮಾತು ಹೇಳಬೇಕು, ಇದನ್ನು ಅವಳಿಗೆ ಓದಿ ಹೇಳಿ. ಕೊರಗರ ಡೋಲಿನ ಹಿಂದೆ ನೋವಿನ ಚರಿತ್ರೆ ಇದೆ. ಕಂಬಳ, ಜಾತ್ರೆಗಳಲ್ಲಿ ಅವರನ್ನು ಬಲವಂತದಿಂದ ಡೋಲು ಬಾರಿಸಲು ನಿಲ್ಲಿಸುತ್ತಿದ್ದ ಕಾಲವಿತ್ತು. ಅಜಲು ಎಂಬ ಆ ಅವಮಾನದ ಪದ್ಧತಿಯನ್ನು ಕರ್ನಾಟಕದಲ್ಲಿ 2000ದ ಕಾನೂನಿನಿಂದ ನಿಷೇಧಿಸಿದರು. ಹಾಗಾಗಿ ಡೋಲು ಕೇಳಲು ಚಂದ ಎಂದು ಸುಮ್ನೆ ರೆಕಾರ್ಡ್ ಮಾಡಿ ತನ್ನ ಹಾರ್ಪಿನ ಹಿಂದೆ ಸೇರಿಸಿಕೊಳ್ಳುವುದು ಬೇಡ. ಹೋಗಿ ಮಾತಾಡಲಿ. ಬಾರಿಸುವವರ ಹೆಸರು ಬರೆದುಕೊಳ್ಳಲಿ. ರೆಕಾರ್ಡ್ ಮಾಡಬಹುದಾ ಎಂದು ಕೇಳಲಿ, ಬೇಡ ಎಂದರೆ ಮೊಬೈಲ್ ಒಳಗೆ ಇಡಲಿ. ಮುಂದೆ ವೇದಿಕೆ ಸಿಕ್ಕಿದರೆ ಅವರನ್ನೇ ಪಕ್ಕದಲ್ಲಿ ಕೂರಿಸಿ, ತನಗೆ ಸಿಕ್ಕ ಸಂಭಾವನೆಯಲ್ಲಿ ಸಮಪಾಲು ಕೊಡಲಿ. ಭೂತಾರಾಧನೆಯ ನೇಮದಲ್ಲಿ ನುಡಿಯುವ ವಾದ್ಯ, ಹಾಡುಗಳಿಗೂ ಇದೇ ಮಾತು. ಎಲ್ಲವೂ ವೇದಿಕೆಗೆ ಬರಬೇಕಾದ್ದಲ್ಲ.

ಬರೆದುಕೊಳ್ಳುವುದು ಎಂದೆ. ಐರ್ಲೆಂಡಿನಲ್ಲಿ 1792ರಲ್ಲಿ ಬೆಲ್‌ಫಾಸ್ಟಿನಲ್ಲಿ ಹಳೆಯ ಹಾರ್ಪ್ ವಾದಕರನ್ನು ಒಂದು ಕಡೆ ಸೇರಿಸಿದರು. ಹೆಚ್ಚಿನವರು ವಯಸ್ಸಾದವರು, ಹಲವರಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರು ನುಡಿಸಿದ್ದನ್ನು ಸ್ವರಲಿಪಿಯಲ್ಲಿ ಬರೆದುಕೊಳ್ಳಲು ಎಡ್ವರ್ಡ್ ಬಂಟಿಂಗ್ ಎಂಬ 19 ವರ್ಷದ ಹುಡುಗನನ್ನು ನೇಮಿಸಿದರು. ಅವನು ಬರೆದದ್ದರಿಂದಲೇ ಆ ಸಂಗೀತದ ಎಷ್ಟೋ ಭಾಗ ಉಳಿಯಿತು. 2019ರಲ್ಲಿ ಐರಿಷ್ ಹಾರ್ಪ್ ಪರಂಪರೆ ಯುನೆಸ್ಕೊ ಪಟ್ಟಿಗೆ ಸೇರಿತು. ನಿಮ್ಮ ಮಗಳು ಐದಾರು ವರ್ಷದಲ್ಲಿ ಅದೇ ವಯಸ್ಸಿಗೆ ಬರುತ್ತಾಳೆ. ಅಷ್ಟರಲ್ಲಿ ಅವಳಿಗೆ ಸ್ಟಾಫ್ ನೊಟೇಶನ್ ಎಂಬ ಪಾಶ್ಚಾತ್ಯ ಸ್ವರಲಿಪಿ ಓದಲು, ಬರೆಯಲು ಬರಬೇಕು.

ಅದಕ್ಕೆ ನನ್ನ ಸಲಹೆ, ಹಾರ್ಪ್ ಕೊಳ್ಳುವ ಮೊದಲು ಒಂದು ವರ್ಷ ಪಿಯಾನೊ. ಮಂಗಳೂರಿನಲ್ಲಿ ಕಲಿಸುವವರು ಸಿಗುತ್ತಾರೆ, ಕುಂಬಳೆಯಲ್ಲಿ ರೈಲು ಹತ್ತಿದರೆ ಒಂದು ಗಂಟೆಯ ದಾರಿ. ಹಾರ್ಪಿನ ಪುಸ್ತಕವೂ ಪಿಯಾನೊ ಪುಸ್ತಕದ ಹಾಗೇ ಎರಡು ಸಾಲಿನಲ್ಲಿ ಇರುತ್ತದೆ. ವರ್ಷದ ಕೊನೆಗೂ ಹಾರ್ಪಿನ ಆಸೆ ಹಾಗೇ ಇದ್ದರೆ ದುಡ್ಡು ಹಾಕಿ.

ಎಷ್ಟು ದುಡ್ಡು? ಕಾನ್ಸರ್ಟ್ ಹಾರ್ಪ್ ಹೊಸತು 20 ಲಕ್ಷ ರೂಪಾಯಿಗಿಂತ ಕಡಿಮೆಗೆ ಸಿಗುವುದು ಕಷ್ಟ. ಎತ್ತರ ಆರಡಿ, ತೂಕ 40 ಕಿಲೋದ ಹತ್ತಿರ. ಅದರ ಯೋಚನೆ ಈಗ ಬೇಡ. ಅವಳಿಗೆ ಬೇಕಾದ್ದು 34 ತಂತಿಯ ಲಿವರ್ ಹಾರ್ಪ್. ಪೆಡಲ್ ಬದಲು ಒಂದೊಂದು ತಂತಿಯ ಮೇಲೂ ಸಣ್ಣ ಹಿಡಿ ಇರುತ್ತದೆ, ಎತ್ತಿದರೆ ಅರ್ಧ ಸ್ವರ ಏರುತ್ತದೆ. ಹೊರದೇಶದಿಂದ ತರಿಸಿದರೆ ಎರಡರಿಂದ ನಾಲ್ಕು ಲಕ್ಷದ ನಡುವೆ ಬೀಳುತ್ತದೆ. ಸಾಗಣೆ, ಕಸ್ಟಮ್ಸ್ ಸುಂಕ ಬೇರೆ, ಅದನ್ನು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. 22 ತಂತಿಯ ಆಟಿಕೆಯಂಥ ಹಾರ್ಪ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಕೊಳ್ಳಬೇಡಿ. ತಂತಿಗಳ ಅಂತರ ಬೇರೆ ಇರುತ್ತದೆ, ಕೈ ತಪ್ಪಾಗಿ ಕೂರುತ್ತದೆ.

ಲಿವರ್ ಹಾರ್ಪನ್ನು ಸಾಮಾನ್ಯವಾಗಿ ಇ ಫ್ಲಾಟ್ ಮೇಜರಿಗೆ ಶ್ರುತಿ ಮಾಡುತ್ತಾರೆ. ಆಗ ಷಡ್ಜವನ್ನು ಜಿಗೆ ಇಟ್ಟು, ಬಿ ಮತ್ತು ಎಫ್ ಹಿಡಿಗಳನ್ನು ಎತ್ತಿದರೆ ಮಾಯಾಮಾಳವಗೌಳ ಬರುತ್ತದೆ. ವಾದ್ಯ ಮನೆಗೆ ಬಂದ ದಿನವೇ ಸರಳೆ ನುಡಿಸಬಹುದು.

ನಮ್ಮ ಮಳೆ ಹಾರ್ಪಿಗೆ ಶತ್ರು. ಒಳ್ಳೆಯ ಹಾರ್ಪಿನ ಮುಂಭಾಗದ ಹಲಗೆ ತೆಳು ಸ್ಪ್ರೂಸ್ ಮರ. ತಯಾರಕರು ಹೇಳುವ ತೇವಾಂಶ ಶೇಕಡಾ 40ರಿಂದ 50ರ ಆಸುಪಾಸು. ಜೂನ್ ಜುಲೈಯಲ್ಲಿ ನಮ್ಮ ಚಾವಡಿಯಲ್ಲಿ ಅದು 90 ದಾಟುತ್ತದೆ. ಹಾಗಾಗಿ ಕೇಳುವಾಗಲೇ ಪದರ ಪದರ ಅಂಟಿಸಿದ ಹಲಗೆಯದ್ದನ್ನು ಕೇಳಿ, ನಾದ ಒಂದು ತೂಕ ಕಡಿಮೆಯಾದರೂ ತಾಳುತ್ತದೆ. ಕಾರ್ಬನ್ ಫೈಬರಿನವೂ ಇವೆ, ಬೆಲೆ ಜಾಸ್ತಿ. ಕರುಳಿನ ತಂತಿ ಬೇಡ, ನೈಲಾನ್ ಸಾಕು, ಬದಲಿ ತಂತಿಯ ಒಂದು ಪೂರ್ತಿ ಸೆಟ್ ಜತೆಗೇ ತರಿಸಿ. ಹೊರಗೋಡೆಗೆ ತಾಗಿಸಿ ಇಡಬೇಡಿ, ಅಟ್ಟದಲ್ಲಂತೂ ಬೇಡವೇ ಬೇಡ. ಬಾಗಿಲು ಮುಚ್ಚುವ ಸಣ್ಣ ಕೋಣೆ ಮತ್ತು ಗಾಳಿಯ ತೇವ ತೆಗೆಯುವ ಒಂದು ಡಿಹ್ಯುಮಿಡಿಫೈಯರ್ ಸಾಕು. ಹಲಸಿನ ಮರದ ವೀಣೆಗೂ ಅದೇ ಕೋಣೆ ಒಳ್ಳೆಯದು.

ಮುಂದಿನ ಓದು. ಪ್ಲಸ್ ಟು ಮುಗಿಸಲಿ, ಅದರಲ್ಲಿ ರಾಜಿ ಬೇಡ. ಅಷ್ಟರೊಳಗೆ ಬ್ರಿಟನ್ನಿನ ಸಂಗೀತ ಪರೀಕ್ಷಾ ಸಂಸ್ಥೆಗಳಾದ ಎಬಿಆರ್‌ಎಸ್‌ಎಂ ಅಥವಾ ಟ್ರಿನಿಟಿಯ ಗ್ರೇಡ್ ಪರೀಕ್ಷೆ ಕಟ್ಟಬಹುದು. ಪೆಡಲ್ ಇಲ್ಲದ ಹಾರ್ಪಿಗೂ ಎರಡರಲ್ಲೂ ಪಠ್ಯ ಇದೆ. ಆಮೇಲೆ ಹೊರದೇಶ ಎಂದಾದರೆ ಇವಳಂಥವರಿಗೆ ನನಗೆ ಮೊದಲು ನೆನಪಾಗುವುದು ಗ್ಲಾಸ್ಗೊದ ರಾಯಲ್ ಕನ್ಸರ್ವಟೋರ್ ಆಫ್ ಸ್ಕಾಟ್ಲೆಂಡ್. ಅಲ್ಲಿ ಸಾಂಪ್ರದಾಯಿಕ ಸಂಗೀತಕ್ಕೇ ಪದವಿ ಇದೆ, ಸ್ಕಾಟಿಷ್ ಹಾರ್ಪ್ ಅದರ ಭಾಗ. ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾಲಯದಲ್ಲೂ ಅಂಥ ವಿಭಾಗ ಇದೆ. ಬರೀ ಕ್ಲಾಸಿಕಲ್ ಬೇಕಾದರೆ ಕಾರ್ಡಿಫ್, ಲಂಡನ್. ಬ್ರಿಟನ್ನಿನಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಶುಲ್ಕವೇ ವರ್ಷಕ್ಕೆ 20 ಸಾವಿರ ಪೌಂಡಿಗಿಂತ ಜಾಸ್ತಿ. ವಿದ್ಯಾರ್ಥಿವೇತನ ಇಲ್ಲದೆ ತೋಟ ಅಡವಿಟ್ಟು ಕಳುಹಿಸಬೇಡಿ, ಸಾಲ ತೀರಿಸುವಷ್ಟು ಆದಾಯ ಮೊದಲ ಹತ್ತು ವರ್ಷದಲ್ಲಿ ಹಾರ್ಪಿನಿಂದ ಬರುವುದಿಲ್ಲ. ಅಲ್ಲಿಯ ಸಂಗೀತ ಕಾಲೇಜುಗಳಿಗೆ ಅರ್ಜಿ ಹಾಕಲು ಹಿಂದಿನ ವರ್ಷದ ಅಕ್ಟೋಬರ್ ಆರಂಭವೇ ಕೊನೆ. ಪ್ಲಸ್ ಟು ಪರೀಕ್ಷೆ ಆದ ಮೇಲೆ ನೋಡುವ ಎಂದು ಕೂತರೆ ಒಂದು ವರ್ಷ ಹೋಯಿತು.

ಮನೆಯವರಿಗೆ ಲೆಕ್ಕ ಬೇಕಲ್ವಾ. ವೀಣೆಯಲ್ಲಿ ವಿದ್ವತ್ ಮುಗಿಸಿದರೆ ಪಾಠ ಹೇಳಿ ಬದುಕುವ ದಾರಿ ಒಂದು ಉಳಿಯುತ್ತದೆ. ಅದರ ಮೇಲೆ ಹಾರ್ಪ್ ಬಂದರೆ ಆನ್‌ಲೈನ್ ಪಾಠ, ಕಛೇರಿ, ರೆಕಾರ್ಡಿಂಗ್. ತಿಂಗಳ ಸಂಬಳದ ಹಾಗೆ ಬರುವುದಿಲ್ಲ, ಏರುಪೇರು ಇರುತ್ತದೆ. ಇದನ್ನು ಅವಳ ಎದುರಲ್ಲೇ ಮಾತಾಡಿ.

ಹಾರ್ಪ್ ಪಾಠ ನಿಮ್ಮ ಕಡೆ ಸದ್ಯಕ್ಕೆ ಆನ್‌ಲೈನಿನಲ್ಲೇ ಆಗಬೇಕು. ಶುರು ಮಾಡುವ ಮೊದಲು ವೀಣೆ ಟೀಚರಿಗೆ ತಿಳಿಸಿ, ಮೊದಲ ತರಗತಿಗೆ ಅವರನ್ನೂ ಕರೆಯಿರಿ. ಬೆರಳು ಎಲ್ಲಿ ಬಿಗಿಯುತ್ತದೆ ಎಂದು ಪರದೆಯ ಆಚೆ ಇರುವವರಿಗಿಂತ ಪಕ್ಕದಲ್ಲಿ ಕೂತ ಅವರಿಗೆ ಬೇಗ ಕಾಣುತ್ತದೆ. ಫೋನನ್ನು ಎದುರಿಗೆ ಇಡಬೇಡಿ. ಅವಳ ಎಡಬದಿಯಲ್ಲಿ, ಮೊಣಕೈಯ ಎತ್ತರಕ್ಕೆ ಇಡಿ, ಎರಡೂ ಹೆಬ್ಬೆರಳು ಕಾಣುವ ಹಾಗೆ. ಮೊದಲ ಮೂರು ತಿಂಗಳು ಹತ್ತು ನಿಮಿಷಕ್ಕೊಮ್ಮೆ ಕೈ ಕೆಳಗಿಳಿಸಲು ಹೇಳಿ. ನೋವು ಎಂದರೆ ಆ ದಿನದ ಅಭ್ಯಾಸ ಅಲ್ಲಿಗೇ ನಿಲ್ಲಿಸಿ.